ನದಿಗಿಳಿದ ವಿಮಾನ, ಎದೆಗುಂದದ ಐವರು

ವಿಮಾನ ಹತ್ತಿದವರಿಗೆಲ್ಲ ಪರಿಚಯವಿರುವ ನೋಟವಿದು. ಬಾಗಿಲು ಮುಚ್ಚುತ್ತದೆ. ವಿಮಾನ ಮೆಲ್ಲನೆ ರನ್‌ವೇ ಕಡೆಗೆ ಹೊರಳುತ್ತದೆ. ಸೀಟುಗಳ ನಡುವಿನ ಓಣಿಯಲ್ಲಿ ನಿಂತ ಗಗನಸಖಿ ಬೆಲ್ಟ್ ಕಟ್ಟುವುದು ಹೇಗೆ, ಬಾಗಿಲುಗಳು ಎಲ್ಲೆಲ್ಲಿವೆ, ಲೈಫ್ ಜಾಕೆಟ್ ತೊಡುವುದು ಹೇಗೆ ಎಂದು ಕೈಸನ್ನೆಯಲ್ಲಿ ತೋರಿಸುತ್ತಾಳೆ. ನೋಡುವವರು ಯಾರು? ಒಬ್ಬರು ಪತ್ರಿಕೆಯಲ್ಲಿ ಮುಳುಗಿದ್ದರೆ ಇನ್ನೊಬ್ಬರಿಗೆ ಆಗಲೇ ಜೊಂಪು ಹತ್ತಿರುತ್ತದೆ. ಮಕ್ಕಳ ಮೂಗು ಕಿಟಕಿಗೆ ಅಂಟಿರುತ್ತದೆ.

2009ರ ಜನವರಿ 15ರ ಮಧ್ಯಾಹ್ನ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ನಿಂತಿದ್ದ ಯುಎಸ್ ಏರ್‌ವೇಸ್ ಸಂಸ್ಥೆಯ 1549ನೇ ವಿಮಾನದಲ್ಲೂ ಇದೇ ಕತೆ. ಷಾರ್ಲಟ್ ನಗರಕ್ಕೆ ಹೊರಟಿದ್ದ ಆ ಏರ್‌ಬಸ್ 320ರಲ್ಲಿ 150 ಪ್ರಯಾಣಿಕರು, ಐವರು ಸಿಬ್ಬಂದಿ. ಗಗನಸಖಿಯರ ಪ್ರಾತ್ಯಕ್ಷಿಕೆಯನ್ನು ತಾವು ನೋಡಲೇ ಇಲ್ಲವೆಂದು ಸುಮಾರು ಶೇಕಡ 70ರಷ್ಟು ಪ್ರಯಾಣಿಕರು ಆಮೇಲೆ ತನಿಖಾಧಿಕಾರಿಗಳಿಗೆ ತಿಳಿಸಿದರು. ವಿಮಾನ ನೆಲ ಬಿಟ್ಟ ಆರು ನಿಮಿಷದೊಳಗೆ ಅವರೆಲ್ಲ ಹಡ್ಸನ್ ನದಿಯ ಮೇಲೆ ತೇಲುತ್ತಿದ್ದರು. ಹೊರಗಿನ ಉಷ್ಣಾಂಶ ಸೊನ್ನೆಗಿಂತ 7 ಡಿಗ್ರಿ ಕೆಳಗೆ. ನೀರಿನದು 5 ಡಿಗ್ರಿ.

155 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಲೋಕವೆಲ್ಲ ಇದನ್ನು 'ಹಡ್ಸನ್ ಪವಾಡ' ಎಂದು ಕರೆಯಿತು. ದೇವರ ದಯೆ ಎಂದವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಆ ಮೂರೂವರೆ ನಿಮಿಷದಲ್ಲಿ ಯಾರು ಏನು ಮಾಡಿದರು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಪವಾಡ ಎಂಬ ಮಾತು ಆ ಐವರು ಸಿಬ್ಬಂದಿಗೆ ಮಾಡುವ ಅನ್ಯಾಯವೆನ್ನಿಸುತ್ತದೆ.

ಹಕ್ಕಿಗಳು ಬಂದವು

ವಿಮಾನದ ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್. ವಯಸ್ಸು 57, ಹಾರಾಟದ ಅನುಭವ 19 ಸಾವಿರ ಗಂಟೆಗೂ ಮಿಕ್ಕಿದ್ದು. ಟೆಕ್ಸಾಸಿನಲ್ಲಿ 16ರ ಹರೆಯದಲ್ಲೇ ಹುಲ್ಲಿನ ರನ್‌ವೇ ಮೇಲೆ ಸಣ್ಣ ವಿಮಾನ ಹಾರಿಸಲು ಕಲಿತವರು; ನಂತರ ವಾಯುಪಡೆಯಲ್ಲಿ ಫ್ಯಾಂಟಮ್ ಯುದ್ಧವಿಮಾನ ನಡೆಸಿದವರು. ಪಕ್ಕದ ಸೀಟಿನಲ್ಲಿ ಸಹಪೈಲಟ್ ಜೆಫ್ರಿ ಸ್ಕೈಲ್ಸ್. ಇವರೂ 15 ಸಾವಿರ ಗಂಟೆ ಹಾರಿದ ಅನುಭವಿಯೇ. ಆದರೆ ಏರ್‌ಬಸ್ 320ಕ್ಕೆ ಹೊಸಬರು. ಅದರ ತರಬೇತಿ ಆಗಷ್ಟೇ ಮುಗಿದಿತ್ತು. ಇನ್ನೊಂದು ಸಂಗತಿ ಗಮನಿಸಿ: ಇವರಿಬ್ಬರೂ ಜೊತೆಯಾಗಿ ಹಾರತೊಡಗಿ ನಾಲ್ಕೇ ದಿನವಾಗಿತ್ತು. ಅದಕ್ಕೆ ಮೊದಲು ಒಟ್ಟಿಗೆ ಕೆಲಸ ಮಾಡಿದವರೇ ಅಲ್ಲ.

ಅಂದು ವಿಮಾನ ಏರಿಸುವ ಸರದಿ ಸ್ಕೈಲ್ಸ್ ಅವರದು. ಎಲ್ಲವೂ ಸರಿಯಾಗಿತ್ತು. ಇವತ್ತು ಹಡ್ಸನ್ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ಕ್ಯಾಪ್ಟನ್ ಒಂದು ಮಾತು ಆಡಿದ್ದು ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯಲ್ಲಿದೆ. ಅದಾಗಿ ಅರ್ಧ ನಿಮಿಷ ಕಳೆದಿತ್ತೋ ಇಲ್ಲವೋ, ಎದುರಿನ ಗಾಜಿನ ತುಂಬ ಹಕ್ಕಿಗಳು. ಕೆನಡಾ ಹೆಬ್ಬಾತುಗಳ ಹಿಂಡು. ಸುಮಾರು 2,800 ಅಡಿ ಎತ್ತರ, ಸಮಯ 3 ಗಂಟೆ 27 ನಿಮಿಷ. ದಪ್ ದಪ್ ಎಂಬ ಸದ್ದು, ಸುಟ್ಟ ವಾಸನೆ. ಆಮೇಲೆ ಇಡೀ ವಿಮಾನದಲ್ಲಿ ವಿಚಿತ್ರ ನಿಶ್ಶಬ್ದ. ಈ ಹೆಬ್ಬಾತು ನಾಲ್ಕು ಕಿಲೋ ಹತ್ತಿರ ತೂಗುವ ಹಕ್ಕಿ. ಎಂಜಿನ್ ಪರೀಕ್ಷೆಗೆ ನಿಗದಿ ಮಾಡಿದ್ದ ತೂಕಕ್ಕಿಂತ ಇದು ಬಹಳ ಹೆಚ್ಚು. ಎರಡೂ ಎಂಜಿನ್‌ಗಳು ಒಟ್ಟಿಗೇ ಶಕ್ತಿ ಕಳೆದುಕೊಂಡವು.

ಕ್ಯಾಪ್ಟನ್ ಮೊದಲು ಮಾಡಿದ ಕೆಲಸಗಳಲ್ಲೊಂದು, ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ನನ್ನು ಚಾಲೂ ಮಾಡಿದ್ದು. ಏರ್‌ಬಸ್ ಪೂರ್ತಿಯಾಗಿ ವಿದ್ಯುತ್ತಿನ ಆಜ್ಞೆಯಲ್ಲಿ ನಡೆಯುವ ವಿಮಾನ. ವಿದ್ಯುತ್ ಇಲ್ಲದಿದ್ದರೆ, ಅದು ತೀರ ನಿಧಾನವಾಗಿ ಕುಸಿದು ಬೀಳದಂತೆ ಕಾಪಾಡುವ ಕಂಪ್ಯೂಟರ್ ವ್ಯವಸ್ಥೆಯೂ ಇಲ್ಲ. ತುರ್ತು ಕೈಪಿಡಿಯ ಪಟ್ಟಿಯಲ್ಲಿ ಈ ಕೆಲಸ ಬರುವುದು ಬಹಳ ಕೆಳಗೆ. ಪಟ್ಟಿಯ ಸಾಲು ಹಿಡಿದು ಹೋಗಿದ್ದರೆ ಅಲ್ಲಿಗೆ ತಲುಪುವಷ್ಟು ಹೊತ್ತು ಇರಲೇ ಇಲ್ಲ. ವಿಮಾನದ ಅಂಗಾಂಗವೆಲ್ಲ ತಲೆಯಲ್ಲಿದ್ದವರು ಮಾತ್ರ ಹೀಗೆ ಕ್ರಮ ಬಿಟ್ಟು ಸರಿಯಾದದ್ದನ್ನು ಮಾಡಬಲ್ಲರು.

ಇನ್ನೊಂದು, 'ವಿಮಾನ ನನ್ನ ಕೈಗೆ' ಎಂದು ಹೇಳಿದ್ದು. 'ನಿಮ್ಮ ಕೈಗೆ' ಎಂದು ಸ್ಕೈಲ್ಸ್ ಬಿಟ್ಟುಕೊಟ್ಟರು. ವಾದವಿಲ್ಲ, ಬಿಗುಮಾನವಿಲ್ಲ. ಇದರ ಹಿಂದೆ ಲೆಕ್ಕಾಚಾರವಿತ್ತು. ಈ ಬಗೆಯ ವಿಮಾನದಲ್ಲಿ ಕ್ಯಾಪ್ಟನ್‌ಗೆ ಹೆಚ್ಚು ಅನುಭವ. ನಗರ, ನದಿ, ಸೇತುವೆ ಕಾಣುವುದೂ ಅವರ ಕಡೆಯ ಕಿಟಕಿಯಲ್ಲಿ. ಸ್ಕೈಲ್ಸ್ ಆದರೋ ತರಬೇತಿ ಮುಗಿಸಿ ಬಂದ ಬಿಸಿಯಲ್ಲಿದ್ದರು. ತುರ್ತು ಪಟ್ಟಿ ಅವರ ನೆನಪಿನಲ್ಲಿ ಹಸಿಯಾಗಿತ್ತು. ಎಂಜಿನ್ ಮತ್ತೆ ಹೊತ್ತಿಸುವ ಯತ್ನವನ್ನು ಅವರು ಕೂಡಲೇ ಕೈಗೆತ್ತಿಕೊಂಡರು. ಹೊಸಬ ಎಂಬುದೇ ಅಂದು ಉಪಯೋಗಕ್ಕೆ ಬಂತು! ಆ ಪಟ್ಟಿ ಮೂರು ಪುಟದ್ದು. ಅದನ್ನು ಬರೆದವರು 20 ಸಾವಿರ ಅಡಿಗೂ ಮೇಲಿರುವ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಸ್ಕೈಲ್ಸ್ ಅದರ ಮೂರನೇ ಒಂದು ಭಾಗ ಮುಗಿಸುವಷ್ಟರಲ್ಲಿ ನೀರು ಬಂದಿತ್ತು.

ನೆಲದ ಮೇಲಿದ್ದ ನಿಯಂತ್ರಕ ಪ್ಯಾಟ್ರಿಕ್ ಹಾರ್ಟನ್ ತಕ್ಷಣ ಲಾಗಾರ್ಡಿಯಾದ ರನ್‌ವೇ ತೆರವು ಮಾಡಿಸಿದರು. ಆಗದು ಎಂದರು ಕ್ಯಾಪ್ಟನ್. ಬಲಗಡೆ ನ್ಯೂಜೆರ್ಸಿಯ ಟೆಟರ್‌ಬರೊ ನಿಲ್ದಾಣವಿತ್ತು. ಅದನ್ನೂ ಸಿದ್ಧಪಡಿಸಿದರು. ಅದೂ ಆಗದು. 'ಹಡ್ಸನ್‌ನಲ್ಲಿ ಇಳಿಯುತ್ತೇವೆ' ಎಂದಾಗ ಹಾರ್ಟನ್‌ಗೆ ತಮ್ಮ ಕಿವಿಯನ್ನೇ ನಂಬಲಾಗದೆ ಇನ್ನೊಮ್ಮೆ ಹೇಳಿ ಎಂದರು. ವಿಮಾನ ಜಾರ್ಜ್ ವಾಷಿಂಗ್ಟನ್ ಸೇತುವೆಯನ್ನು ಸುಮಾರು 900 ಅಡಿ ಎತ್ತರದಲ್ಲಿ ದಾಟಿತು. ಬೇರೇನಾದರೂ ಉಪಾಯ ಹೊಳೆಯುತ್ತಿದೆಯೇ ಎಂದು ಕ್ಯಾಪ್ಟನ್ ಪಕ್ಕದವರನ್ನು ಕೇಳಿದರು. ಇಲ್ಲ ಎಂದರು ಸ್ಕೈಲ್ಸ್. ನೀರು ಮುಟ್ಟುವ ಕೆಲವೇ ಕ್ಷಣ ಮುಂಚಿನ ಮಾತಿದು. ಹಿರಿಯ ಅಧಿಕಾರಿಯೊಬ್ಬರು ಕೊನೆಯ ಗಳಿಗೆಯಲ್ಲೂ ಸಹೋದ್ಯೋಗಿಯ ಅಭಿಪ್ರಾಯ ಕೇಳುವುದು ಎಷ್ಟು ಕಚೇರಿಗಳಲ್ಲಿ ಉಂಟು ಎಂದು ಯೋಚಿಸಿ.

ನೀರಿನ ಮೇಲೆ ಇಳಿಯುವುದು ಮೆತ್ತನೆಯ ಕೆಲಸ ಎಂದುಕೊಳ್ಳಬೇಡಿ. ಗಂಟೆಗೆ 230 ಕಿಲೋಮೀಟರ್ ವೇಗದಲ್ಲಿ ನೀರೂ ಕಲ್ಲಿನಂತೆಯೇ. ಚಕ್ರಗಳನ್ನು ಇಳಿಸಬಾರದು, ರೆಕ್ಕೆ ಒಂದು ಕಡೆಗೆ ವಾಲಬಾರದು, ಮೂತಿ ಸ್ವಲ್ಪ ಮೇಲಿರಬೇಕು. ಒಂದು ರೆಕ್ಕೆಯ ತುದಿ ಮೊದಲು ನೀರು ಮುಟ್ಟಿದರೆ ವಿಮಾನ ಗಿರಕಿ ಹೊಡೆದು ಚೂರಾಗುತ್ತದೆ. ಸಲೆನ್‌ಬರ್ಗರ್ ಇದನ್ನು ಸಿಮ್ಯುಲೇಟರಿನಲ್ಲಿ ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ನೀರಿಗಿಳಿಯುವ ಪಾಠ ಅಂದು ತರಗತಿಯ ಚರ್ಚೆಗಷ್ಟೇ ಸೀಮಿತವಾಗಿತ್ತು. ಆದರೂ ಆ ಪಾಠದ ಒಂದು ಮಾತನ್ನು ಅವರು ಮರೆತಿರಲಿಲ್ಲ: ದೋಣಿ, ಹಡಗುಗಳ ಹತ್ತಿರ ಇಳಿಯಬೇಕು. ಮ್ಯಾನ್‌ಹಟನ್ನಿನ ಮಧ್ಯಭಾಗದ ಪಕ್ಕದಲ್ಲಿ, ಪ್ರಯಾಣಿಕರ ದೋಣಿಗಳು ಸದಾ ಓಡಾಡುವ ಜಾಗದಲ್ಲೇ ಇಳಿಸಿದರು. ಮೊದಲ ದೋಣಿ ನಾಲ್ಕು ನಿಮಿಷದೊಳಗೆ ಬಂತು.

ಬಾಗಿಲ ಬಳಿ ಮೂವರು

ಕಾಕ್‌ಪಿಟ್ಟಿನ ಕತೆ ಸಿನಿಮಾ ಆಯಿತು. 2016ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದಲ್ಲಿ ಟಾಮ್ ಹ್ಯಾಂಕ್ಸ್ ಕ್ಯಾಪ್ಟನ್ ಆಗಿ ನಟಿಸಿದರು. ಒಳಗಿದ್ದ ಮೂವರು ಮಹಿಳೆಯರ ಹೆಸರು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಮುಂಬಾಗಿಲ ಬಳಿ ಡೋನಾ ಡೆಂಟ್ ಮತ್ತು ಶೀಲಾ ಡೇಲ್; ಹಿಂಬದಿಯಲ್ಲಿ ಒಬ್ಬರೇ, ಡೊರೀನ್ ವೆಲ್ಷ್. ಗಗನಸಖಿ ಎಂದೊಡನೆ ನಮ್ಮ ಕಣ್ಣಿಗೆ ಬರುವ ಚಿತ್ರ ಇಪ್ಪತ್ತರ ಆಸುಪಾಸಿನ ಹುಡುಗಿಯದು. ಇವರು ಮೂವರೂ 50 ದಾಟಿದವರು. ಪ್ರತಿಯೊಬ್ಬರಿಗೂ 25 ವರ್ಷಕ್ಕೂ ಮೀರಿದ ಸೇವೆ.

ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳಿದ್ದು ಒಂದೇ ವಾಕ್ಯ: ಆಘಾತಕ್ಕೆ ಸಿದ್ಧರಾಗಿ. ನೀರಿನ ಮಾತೇ ಇರಲಿಲ್ಲ. ಅದನ್ನು ವಿವರಿಸುವಷ್ಟು ಪುರುಸೊತ್ತೂ ಇರಲಿಲ್ಲ. ಆಗ ಉಳಿದಿದ್ದದ್ದು ಒಂದೂವರೆ ನಿಮಿಷ. ಮುಂದಿದ್ದ ಇಬ್ಬರೂ ಮರುಕ್ಷಣವೇ ಒಂದೇ ದನಿಯಲ್ಲಿ ಕೂಗತೊಡಗಿದರು: 'ಬ್ರೇಸ್, ಬ್ರೇಸ್! ಹೆಡ್ಸ್ ಡೌನ್, ಸ್ಟೇ ಡೌನ್!' ತಲೆ ತಗ್ಗಿಸಿ, ಹಾಗೆಯೇ ಇರಿ. ಮತ್ತೆ ಮತ್ತೆ ಅದೇ ಮಾತು. ಈ ಮಂತ್ರದಂಥ ಕೂಗು ಕೇಳಿ ಸಹಪೈಲಟ್ ಮತ್ತು ತಮಗೆ ಧೈರ್ಯ ಬಂತೆಂದು, ವಿಮಾನವನ್ನು ಇಡಿಯಾಗಿ ಇಳಿಸಿದರೆ ಜನರನ್ನು ಹೊರಗೆ ಕಳಿಸುವ ಹೊಣೆ ಅವರು ನೋಡಿಕೊಳ್ಳುತ್ತಾರೆಂಬ ಭರವಸೆ ಮೂಡಿತೆಂದು ಸಲೆನ್‌ಬರ್ಗರ್ ನಂತರ ಹೇಳಿದ್ದಾರೆ.

ಬಾಗಿಲ ಕಿಟಕಿಯಿಂದ ನೋಡಿದಾಗಲೇ ಮುಂದಿನವರಿಗೆ ತಾವು ನೀರಿನಲ್ಲಿದ್ದೇವೆಂದು ಗೊತ್ತಾದದ್ದು. ಕೂಡಲೇ ಆಜ್ಞೆ ಬದಲಾಯಿತು: ಲೈಫ್ ಜಾಕೆಟ್ ತೊಡಿ, ಈ ಕಡೆ ಬನ್ನಿ. ಎಡಬಾಗಿಲಿನ ಜಾರುಬಂಡೆ ತಾನಾಗಿ ಉಬ್ಬಬೇಕಿತ್ತು, ಉಬ್ಬಲಿಲ್ಲ. ಅದಕ್ಕೆಂದೇ ಇರುವ ಹಿಡಿಯನ್ನು ಎಳೆದು ಕೈಯಿಂದಲೇ ಉಬ್ಬಿಸಬೇಕಾಯಿತು. ಈ ಜಾರುಬಂಡೆಗಳೇ ನೀರಿನಲ್ಲಿ ತೆಪ್ಪವಾಗುತ್ತವೆ.

ಹಿಂಬದಿಯ ಸ್ಥಿತಿ ಬೇರೆ. ವಿಮಾನ ಪರೀಕ್ಷೆಗಳಲ್ಲಿ ಊಹಿಸಿದ್ದಕ್ಕಿಂತ ಎಷ್ಟೋ ಜೋರಾಗಿ ಬಾಲ ನೀರಿಗೆ ಅಪ್ಪಳಿಸಿತ್ತು. ನೆಲ ಬಿರಿದು ಲೋಹದ ತುಂಡೊಂದು ವೆಲ್ಷ್ ಅವರ ಕಾಲಿಗೆ ಹೊಕ್ಕಿತ್ತು. ನೀರು ಕ್ಷಣಕ್ಷಣಕ್ಕೂ ಏರುತ್ತಿತ್ತು. ಹಿಂದಿನ ಬಾಗಿಲು ತೆರೆದರೆ ನದಿಯೇ ಒಳಗೆ. ಹಿಂದಿದ್ದ ಪ್ರಯಾಣಿಕರು ಅಭ್ಯಾಸಬಲದಿಂದ ಹತ್ತಿರದ ಬಾಗಿಲಿಗೇ ನುಗ್ಗಿದರು. ಒಬ್ಬರು ಅದನ್ನು ಸ್ವಲ್ಪ ತೆರೆದೂಬಿಟ್ಟರು. ವೆಲ್ಷ್ ಮುಚ್ಚಲು ಯತ್ನಿಸಿ ಆಗದೆ, ಜನರನ್ನು ಮುಂದಕ್ಕೆ ತಿರುಗಿಸಿದರು. ಸೀಟುಗಳ ಮೇಲೆ ಹತ್ತಿ ದಾಟಿ, ಮುಂದೆ ಹೋಗಿ ಎಂದು ಕೂಗುತ್ತಾ ಅಟ್ಟಿದರು. ತೆರೆಯಬೇಕಾದ ಬಾಗಿಲು ಯಾವುದು ಎಂಬಷ್ಟೇ, ತೆರೆಯಬಾರದ ಬಾಗಿಲು ಯಾವುದು ಎಂಬುದೂ ಅವರ ಪಾಠದಲ್ಲಿತ್ತು.

ಜನ ಎರಡು ತೆಪ್ಪಗಳಲ್ಲಿ, ಎರಡು ರೆಕ್ಕೆಗಳ ಮೇಲೆ ನಿಂತರು. ಆ ಚಿತ್ರವನ್ನು ನೀವೂ ನೋಡಿರಬಹುದು. ಕ್ಯಾಪ್ಟನ್ ನೀರು ತುಂಬುತ್ತಿದ್ದ ವಿಮಾನದಲ್ಲಿ ಎರಡು ಸಲ ಹಿಂದೆ ಮುಂದೆ ನಡೆದು, ಯಾರೂ ಉಳಿದಿಲ್ಲವೆಂದು ಖಚಿತ ಮಾಡಿಕೊಂಡು ಕೊನೆಯವರಾಗಿ ಹೊರಬಂದರು. ನೆರವಿಗೆ ಬಂದ ದೋಣಿಗಳಲ್ಲೊಂದನ್ನು ನಡೆಸುತ್ತಿದ್ದವಳು ಇಪ್ಪತ್ತರ ಹುಡುಗಿ. ಅವಳೂ, ಅವಳಂಥ ದೋಣಿ ನಡೆಸುವವರೂ ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸವನ್ನು ಮಾಡಿಕೊಂಡೇ ಇದ್ದವರು. ಎಲ್ಲ 155 ಜನ ಬದುಕಿದ್ದಾರೆ ಎಂಬ ಖಚಿತ ಸುದ್ದಿ ಕ್ಯಾಪ್ಟನ್‌ಗೆ ತಲುಪಿದ್ದು ಸುಮಾರು ನಾಲ್ಕು ಗಂಟೆಗಳ ನಂತರ, ಆಸ್ಪತ್ರೆಯಲ್ಲಿ. ಇತ್ತ ನಿಯಂತ್ರಕ ಹಾರ್ಟನ್, ಎಲ್ಲರೂ ಸತ್ತರೆಂದೇ ತಿಳಿದು ಕೋಣೆಯೊಂದರಲ್ಲಿ ಕುಸಿದು ಕುಳಿತಿದ್ದರು.

ಅದೃಷ್ಟವೂ ಇತ್ತು, ನಿಜ. ಹಗಲಾಗಿತ್ತು, ನದಿ ಶಾಂತವಾಗಿತ್ತು, ದೋಣಿಗಳಿದ್ದವು. ಷಾರ್ಲಟ್ ಮಾರ್ಗಕ್ಕೆ ತೆಪ್ಪವಾಗುವ ಜಾರುಬಂಡೆಗಳು ಕಡ್ಡಾಯವಾಗಿರಲಿಲ್ಲ. ಸಮುದ್ರಯಾನಕ್ಕೆ ಸಜ್ಜಾದ ವಿಮಾನ ಅಂದು ಆ ಮಾರ್ಗದಲ್ಲಿತ್ತು, ಅಷ್ಟೇ. ಆಮೇಲೆ ತನಿಖೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಲಾಗಾರ್ಡಿಯಾಕ್ಕೇ ಮರಳಬಹುದಿತ್ತಲ್ಲವೇ? ಸಿಮ್ಯುಲೇಟರಿನಲ್ಲಿ, ಹಕ್ಕಿ ಬಡಿದ ಕ್ಷಣವೇ ತಿರುಗಿದ ಕೆಲವು ಪೈಲಟ್‌ಗಳು ರನ್‌ವೇ ತಲುಪಿದರು. ಆದರೆ ಅವರಿಗೆ ಏನಾಗಲಿದೆ ಎಂದು ಮೊದಲೇ ಗೊತ್ತಿತ್ತು. ಪರಿಸ್ಥಿತಿ ಅರಿತು ತೀರ್ಮಾನಿಸಲು ಮನುಷ್ಯನಿಗೆ ಬೇಕಾಗುವ 35 ಸೆಕೆಂಡು ಸೇರಿಸಿ ನೋಡಿದಾಗ ವಿಮಾನ ನಿಲ್ದಾಣ ತಲುಪಲಿಲ್ಲ. ಅಂದರೆ ನಗರದ ಕಟ್ಟಡಗಳ ನಡುವೆ ಬೀಳುವ ಅಪಾಯವಿತ್ತು.

ಕಲಿತದ್ದು ಸಾವುಗಳಿಂದ

ಈ ಶಿಸ್ತು ಒಂದು ದಿನದಲ್ಲಿ ಬಂದುದಲ್ಲ. ಹಿಂದೆ ಕಾಕ್‌ಪಿಟ್ಟಿನಲ್ಲಿ ಕ್ಯಾಪ್ಟನ್ ಹೇಳಿದ್ದೇ ವೇದವಾಕ್ಯವಾಗಿತ್ತು. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಮಂಜಿನಲ್ಲಿ ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಡಚ್ ವಿಮಾನದ ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿ ಮುನ್ನುಗ್ಗಿದರು. ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದರ ಕ್ಯಾಪ್ಟನ್ ಚಕ್ರದ ದೋಷವೊಂದರ ಚಿಂತೆಯಲ್ಲಿ ಸುತ್ತು ಹಾಕುತ್ತಲೇ ಇದ್ದರು. ಇಂಧನ ಮುಗಿಯುತ್ತಿರುವುದನ್ನು ಜೊತೆಯವರು ಗಟ್ಟಿಯಾಗಿ ಹೇಳಲಿಲ್ಲ. ಹತ್ತು ಮಂದಿ ತೀರಿಕೊಂಡರು. ಇಂಥ ದುರಂತಗಳ ನಂತರ 1980ರ ದಶಕದ ಆರಂಭದಿಂದ 'ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್' ಎಂಬ ತರಬೇತಿ ಹಬ್ಬಿತು. ಸರಳವಾಗಿ ಹೇಳಬೇಕೆಂದರೆ ಕಿರಿಯನಿಗೆ ಬಾಯಿಬಿಟ್ಟು ಹೇಳಲು ಕಲಿಸುವುದು, ಹಿರಿಯನಿಗೆ ಕಿವಿಗೊಟ್ಟು ಕೇಳಲು ಕಲಿಸುವುದು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ದೊಡ್ಡವರಿಗೆ ಎದುರಾಡಬಾರದು ಎಂದೇ ಬೆಳೆಸಿದ ಮಕ್ಕಳಿಗೆ ಈ ಪಾಠ ಎಲ್ಲಕ್ಕಿಂತ ಕಷ್ಟವಾದೀತು.

ಪೂರ್ವಸಿದ್ಧತೆಗೆ ಸಮಯ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ 1956ರ ಅಕ್ಟೋಬರ್ 16ರ ಪ್ಯಾನ್ ಅಮ್ ವಿಮಾನ ಸಾಕ್ಷಿ. ಶಾಂತಸಾಗರದ ಮೇಲೆ ರಾತ್ರಿ ಎರಡು ಎಂಜಿನ್ ಕೆಟ್ಟವು. ಕ್ಯಾಪ್ಟನ್ ರಿಚರ್ಡ್ ಆಗ್ ಕತ್ತಲಲ್ಲಿ ಇಳಿಯಲಿಲ್ಲ. ಕರಾವಳಿ ರಕ್ಷಣಾ ಪಡೆಯ ಹಡಗೊಂದರ ಮೇಲೆ ಬೆಳಗಾಗುವವರೆಗೆ ಸುತ್ತು ಹಾಕಿದರು. ನೀರಿಗಿಳಿದರೆ ಬಾಲ ಮುರಿಯಬಹುದೆಂದು ಪ್ರಯಾಣಿಕರನ್ನೆಲ್ಲ ಹಿಂಭಾಗದಿಂದ ಎಬ್ಬಿಸಿ ಮುಂದೆ ಕೂರಿಸಿದರು. ಬಾಲ ಮುರಿಯಿತು. 31 ಜನರೂ ಬದುಕಿದರು.

ಇದಕ್ಕೆ ತದ್ವಿರುದ್ಧವಾದದ್ದು 1996ರ ನವೆಂಬರ್ 23ರ ಇಥಿಯೋಪಿಯನ್ ವಿಮಾನದ ಘಟನೆ. ಅಪಹರಣಕಾರರು ಆಸ್ಟ್ರೇಲಿಯಾಕ್ಕೆ ಹೋಗೆಂದು ಹಟ ಹಿಡಿದರು, ಇಂಧನ ಮುಗಿಯಿತು. ಕ್ಯಾಪ್ಟನ್ ಲಿಯುಲ್ ಅಬಾಟೆ ಕಾಕ್‌ಪಿಟ್ಟಿನಲ್ಲಿ ಹೊಡೆದಾಟ ನಡೆದಿರುವಾಗಲೇ ಕೊಮೊರೊಸ್ ದ್ವೀಪದ ಕಡಲತೀರದ ಬಳಿ ವಿಮಾನ ಇಳಿಸಿದರು. 175 ಜನರಲ್ಲಿ 50 ಮಂದಿ ಉಳಿದರು. ಸತ್ತವರಲ್ಲಿ ಅನೇಕರು ಲೈಫ್ ಜಾಕೆಟ್ಟನ್ನು ವಿಮಾನದ ಒಳಗೇ ಊದಿಕೊಂಡಿದ್ದವರು. ನೀರು ನುಗ್ಗಿದಾಗ ಜಾಕೆಟ್ ಅವರನ್ನು ಮೇಲಕ್ಕೆತ್ತಿ ಛಾವಣಿಗೆ ಒತ್ತಿಹಿಡಿಯಿತು. ಮುಳುಗಿ ಬಾಗಿಲಿನತ್ತ ಈಜಲು ಆಗಲಿಲ್ಲ. ಹೊರಗೆ ಹೋದ ಮೇಲೆಯೇ ಊದಿಸಿ ಎಂದು ಗಗನಸಖಿ ಪ್ರತಿ ಸಲ ಹೇಳುವ ಮಾತಿನ ಅರ್ಥ ಇದು. ಮಂಗಳೂರಿನಿಂದ ಗಲ್ಫ್‌ಗೆ ಹೋಗುವವರು ಅರಬ್ಬಿ ಸಮುದ್ರದ ಮೇಲೆಯೇ ಹಾರುತ್ತಾರೆ. ಅವರಾದರೂ ಇದನ್ನು ಗಮನವಿಟ್ಟು ಕೇಳಬೇಕು. ಹಡ್ಸನ್ ಪ್ರಯಾಣಿಕರಲ್ಲೂ ಜಾಕೆಟ್ಟನ್ನು ಸರಿಯಾಗಿ ತೊಟ್ಟು ಹೊರಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಟ್ರೇ ಹಿಡಿಯುವುದಷ್ಟೇ ಕೆಲಸವೇ?

ಮಗಳು ಗಗನಸಖಿಯಾಗುತ್ತೇನೆ ಎಂದರೆ 'ಊಟ ಬಡಿಸುವ ಕೆಲಸಕ್ಕೆ ಇಷ್ಟು ಓದಬೇಕಿತ್ತೇ' ಎನ್ನುವ ತಂದೆ ತಾಯಿ ಇಂದಿಗೂ ಇದ್ದಾರೆ. ಅವರು ಒಂದು ತರಬೇತಿ ಕೇಂದ್ರವನ್ನು ಹೊಕ್ಕು ನೋಡಬೇಕು. ವಿಮಾನದ ಒಳಭಾಗದಂತೆಯೇ ಕಟ್ಟಿದ ಕೋಣೆ. ಅದರಲ್ಲಿ ಹೊಗೆ ತುಂಬಿ, ದೀಪ ಆರಿಸಿ ದಾರಿ ಹುಡುಕಿಸುತ್ತಾರೆ. ನಿಜವಾದ ಬೆಂಕಿಯನ್ನು ನಂದಿಸಬೇಕು. ಹೃದಯ ನಿಂತವರ ಎದೆ ಒತ್ತುವುದು, ಹೆರಿಗೆ ಮಾಡಿಸುವುದು ಕಲಿಯಬೇಕು. ಈಜುಕೊಳದಲ್ಲಿ ಬಟ್ಟೆಯ ಮೇಲೆ ಜಾಕೆಟ್ ತೊಟ್ಟು ನೀರಿಗಿಳಿದು, ತೆಪ್ಪ ಹತ್ತಿ, ಇತರರನ್ನು ಎಳೆದು ಹತ್ತಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಜುಗರದ ಪಾಠ ಕೂಗುವುದು. ಮೆಲ್ಲಗೆ ನಗುತ್ತಾ ಮಾತಾಡಲು ಕಲಿತವಳು, 'ಎಲ್ಲ ಬಿಟ್ಟು ಹೊರಡಿ' ಎಂದು ಗಂಟಲು ಹರಿಯುವಂತೆ ಅಪ್ಪಣೆ ಕೊಡಬೇಕು. ಬ್ಯಾಗ್ ಹಿಡಿದು ನಿಂತವನನ್ನು ತಳ್ಳಲೂ ಹಿಂಜರಿಯಬಾರದು.

ಇದಕ್ಕೆ ಲೆಕ್ಕವೂ ಇದೆ. ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ, ಅರ್ಧ ಬಾಗಿಲುಗಳನ್ನು ಮುಚ್ಚಿಟ್ಟರೂ ತುಂಬಿದ ವಿಮಾನ 90 ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆಂದು ತೋರಿಸಿಕೊಡಬೇಕು. ಭಾರತದಲ್ಲಿ 50 ಸೀಟಿಗೆ ಒಬ್ಬರಂತೆ ಗಗನಸಖಿಯರು ಇರಲೇಬೇಕೆಂಬ ನಿಯಮ ಇರುವುದು ಕಾಫಿ ಹಂಚಲು ಅಲ್ಲ.

ವಿಮಾನ ಏರುವಾಗ, ಇಳಿಯುವಾಗ ನಿಮ್ಮ ಎದುರಿನ ಮಡಚುವ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಸುಮ್ಮನೆ ಕುಳಿತ ಗಗನಸಖಿಯನ್ನು ನೋಡಿರುತ್ತೀರಿ. ಅವಳು ಸುಮ್ಮನೆ ಕುಳಿತಿಲ್ಲ. 'ಮೌನ ಪುನರಾವರ್ತನೆ' ಎನ್ನುವ ಅಭ್ಯಾಸವದು. ಈಗ ಅವಘಡವಾದರೆ ನನ್ನ ಬಾಗಿಲು ಯಾವುದು, ಹಿಡಿ ಯಾವ ಕಡೆ ತಿರುಗುತ್ತದೆ, ಹೊರಗೆ ಬೆಂಕಿಯೋ ನೀರೋ ಎಂದು ಹೇಗೆ ನೋಡಲಿ, ಮೊದಲು ಏನೆಂದು ಕೂಗಲಿ, ಸಹಾಯಕ್ಕೆ ಯಾವ ಪ್ರಯಾಣಿಕನನ್ನು ಕರೆಯಲಿ ಎಂದು ಮನಸ್ಸಿನಲ್ಲೇ ಒಂದು ಸುತ್ತು ಬರುತ್ತಾಳೆ. ದಿನಕ್ಕೆ ನಾಲ್ಕು ಸಲ ಹಾರಿದರೆ ಎಂಟು ಸಲ. ವೆಲ್ಷ್ ಅವರಂಥವರ ಲೆಕ್ಕದಲ್ಲಿ ಇದು ಸಾವಿರಗಟ್ಟಲೆ ಸಲ, ಒಮ್ಮೆಯೂ ಬೇಕಾಗದೆ.

ಅಷ್ಟಕ್ಕೇ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ತರಬೇತಿ ಕೇಂದ್ರಕ್ಕೆ ಮರಳಬೇಕು. ಮತ್ತೆ ಬಾಗಿಲು ತೆರೆದು ತೋರಿಸಬೇಕು, ಮತ್ತೆ ಕೂಗಬೇಕು, ಮತ್ತೆ ಉತ್ತರ ಬರೆಯಬೇಕು. ತಪ್ಪಿದರೆ ಇಪ್ಪತ್ತು ವರ್ಷ ಹಾರಿದವರೂ ಪಾಸಾಗುವವರೆಗೆ ನೆಲದ ಮೇಲೆಯೇ ಇರಬೇಕು.